ಬಾಜೂ ಮನ್ಯಾಗ ಏನದ?

ಸುಶೀಲಕುಮಾರನ ಆ ದಿನದ ಫಜೀತಿಗೆಲ್ಲ ಕಾರಣವಾದದ್ದು ಒಂದೇ ಒಂದು ಪ್ರಶ್ನೆ. ಅದೂ ಅವನ ಸ್ವಂತದ್ದಲ್ಲ. ಅವನು ಕೆಲಸಕ್ಕಿದ್ದ ಗ್ರಾಮಸುಧಾರಣೆ ಸಂಸ್ಥೆಯ ನೌಬಾದದ ಆಫೀಸಿನಲ್ಲಿ ತರಬೇತಿಯ ಹೊತ್ತಿಗೆ ಅಶ್ವಜಿತ ಸರ್ ಕಲಿಸಿಕೊಟ್ಟದ್ದು.

"ಊರಾಗ ಹೋಗಿ ಏನಿಲ್ಲ ಅಂತ ಕೇಳಬ್ಯಾಡ್ರಿ," ಎಂದಿದ್ದರು ಸರ್. "ಏನದ ಅಂತ ಕೇಳ್ರಿ. ಇಲ್ಲ ಇಲ್ಲ ಅಂತ ಬರಕೊಂಡು ಬರಕೊಂಡೇ ನಾವು ಮಂದೀನ ಬಡವರನ್ನ ಮಾಡೇವಿ. ತಮ್ಮ ಬಲ ಏನು ಅಂತ ಅವರೇ ಗುರುತಿಸಬೇಕು, ನೆಲದ ಮ್ಯಾಲ ಅವರೇ ನಕ್ಷಾ ಬರೀಬೇಕು, ಏನು ಸುಧಾರಿಸಬೇಕು ಅಂತ ಅವರೇ ಠರಾಯಿಸಬೇಕು. ನೀವು ಬಾಜೂಕ ಸುಮ್ಮ ಕೂಡಬೇಕು. ನೀವು ಏನೂ ಮಾಡ್ಲಿಲ್ಲ ಅಂತ ಮಂದಿ ಅಂದರ, ನೀವು ಪಾಸು."

ಸುಮ್ಮನೆ ಕೂಡುವುದು ತನಗೆ ಹುಟ್ಟಿನಿಂದಲೇ ಒಲಿದು ಬಂದ ವಿದ್ಯೆ ಎಂದು ಸುಶೀಲಕುಮಾರ ಆಗ ಧೈರ್ಯ ತಂದುಕೊಂಡಿದ್ದ.

ಅಂದು ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕ ಸಂತೋಷದಲ್ಲಿ ಅವನು ಠಾಣಾ ಕುಶನೂರಿಗೆ ಹೊರಟಿದ್ದಾಗ ಸರ್ ಅವರ ಫೋನು ಬಂತು.

"ಸಂಜೀಕ ನಾ ನಿನ್ನ ಓಣಿಗಿ ಬರ್ಲತೀನಿ. ಹಲಬರ್ಗಾದ ಜಾಗಾ ಖಾಲಿ ಅದ, ಗೊತ್ತದಲ?"

"ಗೊತ್ತದರಿ ಸರ್."

"ಓಣಿ ಮಂದಿ ತಮ್ಮ ನಕ್ಷಾ ತಾವೇ ಬರದು, ತಮ್ಮ ಯೋಜನಾ ತಾವೇ ಬಾಯಿಬಿಟ್ಟು ನನಗ ಹೇಳ್ಬೇಕು. ಅಷ್ಟಾದರ ಸೋಮವಾರದಿಂದ ಹಲಬರ್ಗಾ ನಿಂದು."

ಹಲಬರ್ಗಾ ಎಂದರೆ ಭಾಲ್ಕಿ ತಾಲೂಕು. ಭಾಲ್ಕಿ ಎಂದರೆ ಮನೆ. ಮನೆಯಲ್ಲಿ ಹೆಂಡತಿ ಕರುಣಾ ಇದ್ದಳು, ಏಳು ತಿಂಗಳ ಮಗಳಿದ್ದಳು. ಈಗಿನ ಕೆಲಸದಲ್ಲಿ ಅವನು ದಿನಾಲು ಕತ್ತಲಾದ ಮೇಲೆ ನೌಬಾದದ ಆಫೀಸಿಗೇ ಮರಳಿ ವರದಿ ಒಪ್ಪಿಸಬೇಕು, ಅಲ್ಲೇ ಬಾಡಿಗೆಯ ಕೋಣೆಯಲ್ಲಿ ಮಲಗಬೇಕು. ಮಗಳನ್ನು ನೋಡುವುದು ಭಾನುವಾರಕ್ಕೊಮ್ಮೆ. ಮಗಳೋ, ಬಸ್ಸಿನಲ್ಲಿ ನಡುದಾರಿಗೆ ಹತ್ತಿದ ಟಿಕೆಟ್ ತಪಾಸಣೆಯವನನ್ನು ನೋಡುವಂತೆ ಅವನನ್ನು ನೋಡಿ, ಮುಖ ಕಿವುಚಿ ತಾಯಿಯ ಹೆಗಲಿಗೆ ಹೊರಳುತ್ತಿದ್ದಳು. "ಅದಕ್ಕೇನು ಗೊತ್ತಾಗ್ತದರಿ, ರೂಢಿ ಇಲ್ಲ," ಎಂದು ಕರುಣಾ ಸಮಾಧಾನ ಹೇಳುತ್ತಿದ್ದಳು. ಮಗುವಿನ ಅಳುವಿಗಿಂತ ಆ ಸಮಾಧಾನವೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ಅವನ ಪಾಲಿನ ಓಣಿ ಇದ್ದದ್ದು ಕುಶನೂರಿನ ಬಸ್ ನಿಲ್ದಾಣದ ಹಿಂದೆ. ಒಂದು ಸಾಲಿನಲ್ಲಿ ಬೌದ್ಧರ ಮನೆಗಳು, ಎದುರು ಸಾಲಿನಲ್ಲಿ ಮುಸಲ್ಮಾನರ ಮನೆಗಳು. ನಡುವಿನ ಗಟಾರ ಮಾತ್ರ ಯಾವ ಭೇದವೂ ಇಲ್ಲದೆ ಎರಡೂ ಕಡೆಯ ಹೊಸ್ತಿಲಿಗೆ ಉಕ್ಕುತ್ತಿತ್ತು. ಒಂದು ತಿಂಗಳಿಂದ ಸುಶೀಲಕುಮಾರ ಅಲ್ಲಿಗೆ ಬಂದು ಮನೆಮನೆಯ ಚಹಾ ಕುಡಿದು ವಿಶ್ವಾಸ ಗಳಿಸಿದ್ದ. ಆ ವಿಶ್ವಾಸದ ಪರೀಕ್ಷೆ ಈ ಹೊತ್ತು.

ಬುದ್ಧವಿಹಾರದ ಅಂಗಳದ ಬೇವಿನ ಮರದ ಕೆಳಗೆ ಜನ ಸೇರಿದರು. ಅವನು ಬಾಯಿ ತೆರೆಯುವ ಮೊದಲೇ ಪಂಢರಿ ಎದ್ದು ನಿಂತ. ಪಂಢರಿಗೆ ಸೋಯಾ, ತೊಗರಿ ಬೆಳೆಯುವಷ್ಟು ಹೊಲವಿತ್ತು, ಒಂದು ಕಪ್ಪನೆಯ ದಪ್ಪ ಎಮ್ಮೆಯಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಊರಿಗೆ ಬಂದ ಪ್ರತಿಯೊಬ್ಬ ಆಫೀಸರನ ಮುಂದೆ ಓಣಿಯ ಕಷ್ಟ ಹೇಳಿ ಹೇಳಿ ಪಳಗಿದ ಕಂಠವಿತ್ತು.

"ನೀರಿಲ್ರಿ," ಎಂದು ಶುರು ಮಾಡಿ ಅವನು ಸ್ವಲ್ಪ ತಡೆದ. "ಬರಕೋರಿ, ನಿಂದ್ರತೇನಿ. ಗಟಾರ ಇಲ್ರಿ. ಇದ್ದದ್ದು ತುಂಬ್ಯಾದರಿ. ರೋಡಿಲ್ರಿ. ಲೈಟಿನ ಕಂಬ ಅದ, ಲೈಟಿಲ್ರಿ..."

"ಪಂಢರಿ ಅಣ್ಣಾ, ಇಲ್ಲದ್ದು ಬ್ಯಾಡ್ರಿ," ಎಂದ ಸುಶೀಲಕುಮಾರ, ಕಲಿತ ಪಾಠ ನೆನೆದು. "ಇದ್ದದ್ದು ಹೇಳ್ರಿ. ಯಾರ ಮನ್ಯಾಗ ದನ ಅವ, ಯಾರ ಹತ್ರ ಮಷೀನ್ ಅದ, ಯಾರಿಗಿ ಏನು ಕೆಲಸ ಬರ್ತದ. ಈ ಓಣ್ಯಾಗ ಏನೇನದ ಅಷ್ಟು ಹೇಳ್ರಿ ಸಾಕು."

ದರ್ಜಿ ಕೆಲಸದ ಮಹಮೂದಾ ಬೇಗಂ ಕೊರಳಲ್ಲಿ ಜೋತಾಡುತ್ತಿದ್ದ ಅಳತೆಯ ಟೇಪನ್ನು ಮೆಲ್ಲಗೆ ಎಳೆದು ಸೆರಗಿನೊಳಗೆ ಸೇರಿಸಿದಳು. ಪಂಢರಿ ಕೈಗಡಿಯಾರದ ಮೇಲೆ ಅಂಗಿಯ ತೋಳು ಇಳಿಬಿಟ್ಟ. ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಕಾರ್ಡ್ ಕಡೀಲಾಕ ಬಂದಾನ."

ಅಷ್ಟೇ ಸಾಕಾಯಿತು. ಹೊಲ, ಗಾಡಿ, ಫ್ರಿಜ್ಜು ಇದ್ದವರ ರೇಷನ್ ಕಾರ್ಡು ರದ್ದಾಗುತ್ತದೆ ಎಂಬ ಸುದ್ದಿ ಆ ಸೀಮೆಯಲ್ಲಿ ಆಗಾಗ ಏಳುತ್ತಿತ್ತು. ಇಷ್ಟು ವರ್ಷದಲ್ಲಿ ಬಂದ ಯಾವ ಆಫೀಸರನೂ ಏನದ ಎಂದು ಕೇಳಿರಲಿಲ್ಲ. ಕೇಳಿದವನು ಯಾತಕ್ಕೆ ಕೇಳಿದ ಎಂಬುದು ಕೂಸಿಗೂ ತಿಳಿಯುವ ಮಾತಾಗಿತ್ತು.

"ಒಲಿ ಮ್ಯಾಲ ಹಾಲಿಟ್ಟು ಬಂದೀನ್ರಿ," ಎಂದು ಒಬ್ಬಳು ಎದ್ದಳು. ಹಾಲು ಎಂದರೆ ಎಮ್ಮೆಯ ಸುಳಿವು ಕೊಟ್ಟಂತಾಯಿತು ಎಂದು ಹೊಳೆದು, "ಹಾಲಲ್ರಿ, ನೀರು," ಎಂದು ತಿದ್ದಿಕೊಂಡು ಓಡಿದಳು. ಅವಳ ಹಿಂದೆ ಅಂಗಳವೇ ಖಾಲಿಯಾಯಿತು.

ಸುಶೀಲಕುಮಾರ ಮನೆಮನೆಗೆ ಹೋದ. ಆದರೆ ನೋಡುನೋಡುತ್ತ ಓಣಿ ದಿವಾಳಿಯೆದ್ದಿತ್ತು. ಪಂಢರಿಯ ಮನೆಯ ಮುಂದೆ ಎಮ್ಮೆ ಮೆಲುಕು ಹಾಕುತ್ತಿತ್ತು.

"ಈ ಎಮ್ಮಿ ನಿಮ್ಮದಲ್ರಿ ಅಣ್ಣಾ?"

"ನಂದೆಲ್ಲಿದ್ರಿ? ಕರೀಮ ಸಾಬಂದು. ನೆರಳಿಗಿ ಬಂದು ನಿಂತದ."

ಕರೀಮ ಸಾಬ ಎದುರು ಸಾಲಿನ ವೆಲ್ಡಿಂಗ್ ಕೆಲಸದವನು. ಹಿಂದೆ ಸೌದಿಯಲ್ಲಿ ಪೈಪಿನ ಕೆಲಸ ಮಾಡಿ ಬಂದವನು. ಸುಶೀಲಕುಮಾರ ಓಣಿಯನ್ನು ಸುತ್ತಿ ಅಲ್ಲಿಗೆ ಹೋಗುವಷ್ಟರಲ್ಲಿ ಹಿತ್ತಿಲ ಸಂದಿಯಿಂದ ಅದೇ ಎಮ್ಮೆ ಅವನಿಗಿಂತ ಮೊದಲೇ ಬಂದು ನಿಂತಿತ್ತು.

"ಚಾಚಾ, ಎಮ್ಮಿ ನಿಮ್ಮದಂತಲ್ರಿ."

"ತೋಬಾ ತೋಬಾ. ಆಡು ಸಾಕ್ಲಾಕ ತ್ರಾಣ ಇಲ್ಲ ನಮಗ, ಎಮ್ಮಿ ಎಲ್ಲಿಂದ ತರೂಣು ಸಾಬ್? ಮಹಮೂದಾ ಬೇಗಂದು ಇರಬೇಕು."

ಮಹಮೂದಾ ಬೇಗಂ ಮನೆಗೆ ಹೋದರೆ ಅಲ್ಲಿಯೂ ಅದೇ ಎಮ್ಮೆ. ಈ ಸಲ ಅದು ಅವನನ್ನು ಹಳೆಯ ಪರಿಚಯದವರನ್ನು ನೋಡುವಂತೆ ನೋಡಿ ಕಿವಿ ಆಡಿಸಿತು. ಒಳಗೆ ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ ಕೌದಿ ಹೊದ್ದ ಒಂದು ಗುಪ್ಪೆ ಕಂಡಿತು.

"ಅತ್ತಿ ಮಲಗ್ಯಾಳ್ರಿ, ಬುಖಾರ್ ಬಂದದ," ಎಂದಳು ಮಹಮೂದಾ ಬೇಗಂ. "ಜರಾ ಆಹಿಸ್ತಾ ಮಾತಾಡ್ರಿ."

ಕೌದಿಯ ಅಂಚಿನಿಂದ ಅತ್ತೆಯ ಗಾಲಿ ಕಾಣುತ್ತಿತ್ತು. ಸುಶೀಲಕುಮಾರ ಸಭ್ಯ ಮನುಷ್ಯ. "ಲಗೂನ ಆರಾಮ ಆಗ್ಲಿ," ಎಂದು ಮೆಲ್ಲಗೆ ಹೇಳಿ ಹೊರಬಿದ್ದ.

ಹೇಗೋ ನಾಲ್ಕು ಮಂದಿಯನ್ನು ಮತ್ತೆ ಅಂಗಳಕ್ಕೆ ಕರೆತಂದು ರಂಗೋಲಿ ಡಬ್ಬಿ ಕೊಟ್ಟು, "ನಕ್ಷಾ ನೀವೇ ಬರೀರಿ," ಎಂದು ಕೈಮುಗಿದ. ಕರೀಮ ಸಾಬ ಎರಡು ಗೆರೆ ಎಳೆದು, "ಇದು ಓಣಿ," ಎಂದ. ಆಮೇಲೆ ಬಹಳ ಹೊತ್ತು ಯೋಚಿಸಿ ಬೇವಿನ ಮರ ಒಂದನ್ನು ಬರೆದ. ಪಂಢರಿ ಅದನ್ನೂ ಕಾಲಿನಿಂದ ಅಳಿಸಿದ.

"ಮರ ಯಾಕ ಅಳಸ್ಲತೀರಿ ಅಣ್ಣಾ? ತಲಿ ಮ್ಯಾಲೇ ಅದಲ್ರಿ."

"ನೆರಳದ ಅಂತ ಬರಕೊಂಡೀರಿ ನೀವು. ನಾಳೀಗಿ ನೆರಳಿದ್ದವರಿಗಿ ಅಕ್ಕಿ ಇಲ್ಲ ಅಂದರ ನಾವೇನು ಮಾಡೂಣು?"

ಬಿಸಿಲು ನೆತ್ತಿಗೆ ಬಂದಿತ್ತು. ಎರಡು ಬಿಳಿ ಗೆರೆಗಳ ಮುಂದೆ ಕುಳಿತ ಸುಶೀಲಕುಮಾರನಿಗೆ ಹಲಬರ್ಗಾ ದೂರ ದೂರ ಸರಿಯುತ್ತಿರುವಂತೆ ಕಂಡಿತು. ಕೊನೆಗೆ ಅವನು, ತರಬೇತಿಯಲ್ಲಿ ಯಾರೂ ಹೇಳಿಕೊಡದ ಒಂದು ಮಾತು ಆಡಿಬಿಟ್ಟ.

"ನೋಡ್ರಿ, ನಮ್ಮದು ಸರಕಾರದ ಆಫೀಸೇ ಅಲ್ಲ. ನಾವು ಯಾರ ಕಾರ್ಡೂ ಕಡಿಯಲ್ಲ. ನಮ್ಮ ಸರ್‌ಗಿ ಭಾಳ ಇದ್ದ ಓಣಿ ಕಂಡರೇ ಖುಷಿ. ಯಾವ ಓಣ್ಯಾಗ ಭಾಳ ಅದೋ, ಆ ಓಣಿಗೇ ಮುಂದ ಛಲೋ ಆಗ್ತದ."

ಪಂಢರಿ ಕರೀಮ ಸಾಬನ ಮುಖ ನೋಡಿದ. ಕರೀಮ ಸಾಬ ಪಂಢರಿಯ ಮುಖ ನೋಡಿದ. ಇಬ್ಬರೂ ಒಂದೇ ಸಲ ರಂಗೋಲಿ ಡಬ್ಬಿಗೆ ಕೈ ಹಾಕಿದರು.

ದಿವಾಳಿಯೆದ್ದಿದ್ದ ಓಣಿ ಊಟದ ಹೊತ್ತಿಗೆ ಸಂಸ್ಥಾನವಾಯಿತು. ಯಾರೂ ಒಪ್ಪಿಕೊಳ್ಳದೆ ಬೆಳಿಗ್ಗೆಯೆಲ್ಲ ಅಲೆದಿದ್ದ ಎಮ್ಮೆ ಈಗ ಮೂರು ಮನೆಗಳ ಮುಂದೆ ಮೂರು ಎಮ್ಮೆಯಾಗಿ ಮೂಡಿತು. ಮಹಮೂದಾ ಬೇಗಂ ಅತ್ತೆಯ ಜ್ವರ ಇಳಿಸಿ, ಮಷೀನು ಹೊರಗೆ ತಂದು, "ಇಂಥಾವು ಒಳಗ ಇನ್ನೂ ಅವ," ಎಂದಳು. ಪಂಢರಿ ತನ್ನ ಷಡ್ಡಕನ ಟ್ರ್ಯಾಕ್ಟರನ್ನು ತನ್ನ ಬಾಗಿಲ ಮುಂದೆ ಬರೆದುಕೊಂಡ.

"ಬೀದರದಾಗ ವಿಮಾನ ಹಾರ್ತಾವಲ," ಎಂದ ಕರೀಮ ಸಾಬ. "ಅದರ ಬಾಲ ಮುರದು ಬಿತ್ತು ಅಂದ್ರ ಕೂಡ ನಾ ವೆಲ್ಡಿಂಗ್ ಹೊಡದು ಕೊಡ್ತೇನಿ."

"ಬಿದ್ದ ಮ್ಯಾಲ ಬಾಲ ತಗೊಂಡು ಏನು ಮಾಡ್ತಿ ಚಾಚಾ?" ಎಂದ ಪಂಢರಿ.

ನೆಲದ ಮೇಲೆ ಜಾಗ ಸಾಲದೆ ಎಮ್ಮೆಗಳು ವಿಹಾರದ ಮೆಟ್ಟಿಲು ಹತ್ತತೊಡಗಿದವು. ಇಂಥ ನಕ್ಷೆ ನೋಡಿದರೆ ಸರ್ ಹಲಬರ್ಗಾ ಇರಲಿ, ಇದ್ದ ಕೆಲಸವನ್ನೂ ಉಳಿಸಲಿಕ್ಕಿಲ್ಲ ಎಂದು ಸುಶೀಲಕುಮಾರ ತಲೆಯ ಮೇಲೆ ಕೈಹೊತ್ತು ಕುಳಿತ.

ಔರಾದಿನ ಬ್ಯಾಂಕಿಗೆ ಮಹಿಳಾ ಸಂಘದ ಕೆಲಸಕ್ಕೆ ಹೋಗಿದ್ದ ಜಿಜಾಬಾಯಿ ಬಸ್ಸಿಳಿದು ಬಂದದ್ದು ಆಗ. ವಯಸ್ಸು ಐವತ್ತು ದಾಟಿದ್ದ ಅವಳು ಓಣಿಗೆಲ್ಲ ಮಾವಶಿ, ಎಂದರೆ ಚಿಕ್ಕಮ್ಮ. ಅವಳು ಮಾತಾಡಿದರೆ ಬಸ್ ನಿಲ್ದಾಣದಲ್ಲಿ ಕುಳಿತವರು ತಮ್ಮನ್ನೇ ಕರೆದರೆಂದು ತಿರುಗಿ ನೋಡುತ್ತಿದ್ದರು.

"ಏನಿದು ತಮ್ಮಾ, ಎಮ್ಮಿ ಸಂತಿ ಕೂಡ್ಸೀರಿ?" ಎಂದಳು.

ಸುಶೀಲಕುಮಾರ ಅವಳನ್ನು ಗೋಡೆಯ ಮರೆಗೆ ಕರೆದು ಎಲ್ಲ ಹೇಳಿದ. ಸರ್ ಬರುವುದು, ಹಲಬರ್ಗಾ, ಕೊನೆಗೆ ಹೇಳಬಾರದೆಂದುಕೊಂಡಿದ್ದ ಮಗಳ ವಿಷಯವನ್ನೂ.

"ಹೆತ್ತ ಅಪ್ಪನ್ನ ನೋಡಿ ಕೂಸು ಅಳ್ತದಂದ್ರ ಕೆಟ್ಟ ಅನಸ್ತದ ಬಿಡ್ರಿ," ಎಂದಳು ಜಿಜಾಬಾಯಿ. "ಖರೆ ನೀವೂ ಶಾಣ್ಯಾ ಅದೀರಿ. ತನ್ನ ಮನಿ ಲೆಕ್ಕ ಯಾರರ ಖರೆ ಹೇಳ್ತಾರೇನು? ಕೇಳೂದು ಬರೋಬರ್ ಕೇಳಬೇಕು."

ಅವಳು ನೇರ ಬಂದು ಪಂಢರಿಯ ಕೈಯಿಂದ ಡಬ್ಬಿ ಕಸಿದುಕೊಂಡು, ನಕ್ಷೆಯ ಮೇಲೆಲ್ಲ ಕಸಬರಿಗೆ ಆಡಿಸಿದಳು. ಓಣಿಯ ಸಮಸ್ತ ಎಮ್ಮೆಗಳು ಧೂಳಾಗಿ ಹಾರಿದವು.

"ಪಂಢರಿ, ನಿನ್ನ ಮನ್ಯಾಗ ಏನದ ಅಂತ ನಾ ಕೇಳಲ್ಲ. ಬಾಜೂ ಮನ್ಯಾಗ, ಎದುರು ಮನ್ಯಾಗ ಏನದ ಹೇಳು. ಕರೀಮ ಚಾಚಾನ ಮನ್ಯಾಗ?"

"ಮಂದಿ ಮನಿದು ನಾ ಯಾಕ ಹೇಳ್ಲಿ ಮಾವಶಿ? ಅದು ಛಲೋ ಅಲ್ಲ," ಎಂದ ಪಂಢರಿ. ಎಂದು, ಉಸಿರು ಬಿಡದೆ ಹೇಳತೊಡಗಿದ. "ವೆಲ್ಡಿಂಗ್ ಮಷೀನ್ ಅದ. ಬಚ್ಚಲದ ಹಿಂದ ಪೈಪ್ ಅವ, ಬರೇ ಮಳಿಗಿ ತೊಯ್ತಾವ. ಸೌದಿದಿಂದ ತಂದ ಒಂದು ಪೆಟ್ಟಿಗಿ ಸಾಮಾನ ಅದ, ನೆಲ ಏರೋ ಇಳಿಜಾರೋ ನೋಡೂ ಅಂಥಾದ್ದು. ಕೇಳಿದರ ಕೊಡಲ್ಲ. ದಿನಾ ಒರಸಿ ಒರಸಿ ಇಡ್ತಾನ."

"ನಂದು ಹೇಳ್ತೀಯೇನು?" ಎಂದು ಕರೀಮ ಸಾಬ ಎದ್ದ. "ಮನಿ ಕಟ್ಟಿದಾಗ ಉಳದ ಸಿಮೆಂಟ್ ಚೀಲ ಇವನ ಮಂಚದ ತಳಗ ಅವ. ಬಾಣಂತಿಗಿ ಹೊದಿಸಿದಂಗ ಚಾದರ ಹೊದಿಸ್ಯಾನ. ಇನ್ನೊಂದು ಮಳಿಗಾಲ ಆದ್ರ ಕಲ್ಲಾಗ್ತದ."

ಆಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ತಂತಮ್ಮ ಮನೆಯ ವಿಷಯದಲ್ಲಿ ಬೆಳಿಗ್ಗೆ ಮೂಗರಾಗಿ ಮಧ್ಯಾಹ್ನ ಸುಳ್ಳರಾಗಿದ್ದ ಜನ, ಬಾಜೂ ಮನೆಯ ವಿಷಯದಲ್ಲಿ ಹರಿಶ್ಚಂದ್ರರಾದರು. ಯಾರ ಮನೆಯ ಅಟ್ಟದಲ್ಲಿ ಗುದ್ದಲಿ ಇದೆ, ಯಾರ ಮಗ ಸಿವಿಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಮೊಬೈಲು ನೋಡುತ್ತ ಮಲಗಿದ್ದಾನೆ, ಯಾವ ಸೊಸೆಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಯಾವ ಅತ್ತೆ ಅದನ್ನು ಮುಚ್ಚಿಟ್ಟಿದ್ದಾಳೆ, ಎಲ್ಲ ನೆಲದ ಮೇಲೆ ಬಂತು. ಹೆಚ್ಚು ಹೇಳಿದರೆ ಎದುರಿನವರು ತಡೆಯುತ್ತಿದ್ದರು, ಕಡಿಮೆ ಹೇಳಿದರೆ ಬಾಜೂದವರು ತುಂಬುತ್ತಿದ್ದರು. ಎಮ್ಮೆ ಒಂದೇ ಎಂದು ಇತ್ಯರ್ಥವಾಗಿ ಪಂಢರಿಯ ಬಾಗಿಲಿಗೆ ಮರಳಿತು.

"ಮಾವಶಿ ಮನ್ಯಾಗ ಏನದ ಯಾರೂ ಹೇಳ್ಲೇ ಇಲ್ಲ," ಎಂದಳು ಮಹಮೂದಾ ಬೇಗಂ. "ನಾ ಹೇಳ್ತೇನಿ. ಓಣಿಗಿ ಓಣಿ ಸುದ್ದಿ ಎಲ್ಲಾ ಅಲ್ಲೇ ಅದ."

ಎಲ್ಲರೂ ನಕ್ಕರು. ಜಿಜಾಬಾಯಿಯೂ ನಕ್ಕು, ನಗು ನಿಲ್ಲುವ ಮೊದಲೇ ಕೇಳಿದಳು. "ಇಷ್ಟೆಲ್ಲಾ ಇಟ್ಕೊಂಡು ಗಟಾರದ ನಾತ ಯಾಕ ಕುಡ್ಲತೀವಿ ನಾವು?"

ಕರೀಮ ಸಾಬ ಒಳಗೆ ಹೋಗಿ ಸೌದಿಯ ಪೆಟ್ಟಿಗೆ ತಂದ. ಗಟಾರದ ಉದ್ದಕ್ಕೂ ಕೂತು ಎದ್ದು ನೋಡಿ, ನೀರು ಹಿಂದಕ್ಕೆ ತಿರುಗುವುದು ಪಂಢರಿಯ ಹೊಸ ಮೆಟ್ಟಿಲಿನ ಹತ್ತಿರ ಎಂದು ಹೇಳಿದ. ಪಂಢರಿ ಮೆಟ್ಟಿಲು ಒಡೆಯುವುದಿಲ್ಲ ಎಂದ. ಹಾಗಾದರೆ ಮಂಚದ ಕೆಳಗೆ ಇನ್ನೂ ಏನೇನಿದೆ ಹೇಳಲೇ ಎಂದು ಕರೀಮ ಸಾಬ ಬಾಯಿ ತೆರೆದ. ಪಂಢರಿ ಮೆಟ್ಟಿಲು ಒಡೆಯಲು ಒಪ್ಪಿದ. ಬರುವ ಭಾನುವಾರ ಅಗೆಯುವುದು, ಪಂಢರಿಯ ಸಿಮೆಂಟು, ಕರೀಮ ಸಾಬನ ಪೈಪು, ಡಿಪ್ಲೊಮಾ ಹುಡುಗನನ್ನು ಎಬ್ಬಿಸಿ ತರುವ ಜವಾಬ್ದಾರಿ ಅವನ ತಾಯಿಯದು. ಎಲ್ಲ ಅವರೇ ಠರಾಯಿಸಿದರು. ಸುಶೀಲಕುಮಾರ ಬೇವಿನ ಬೇರಿನ ಮೇಲೆ ಸುಮ್ಮನೆ ಕುಳಿತಿದ್ದ. ಅವನ ಎದೆ ಮಾತ್ರ ಕಾದ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬುತ್ತಿತ್ತು.

ಅಶ್ವಜಿತ ಸರ್ ಬಂದರು. ನಕ್ಷೆಯ ಸುತ್ತ ಒಂದು ಸುತ್ತು ಬಂದರು. ಪಂಢರಿ ತನ್ನ ಪಳಗಿದ ಕಂಠದಲ್ಲಿ, ಜೀವನದಲ್ಲಿ ಮೊದಲ ಸಲ, ಇದ್ದದ್ದನ್ನು ಹೇಳಿದ; ಒಬ್ಬರ ಮನೆಯದು ಬಾಜೂ ಮನೆಯವರ ಬಾಯಿಂದ ಹೊರಬಿದ್ದದ್ದನ್ನೂ ಹೇಳಿದ. "ಬರಕೋರಿ, ನಿಂದ್ರತೇನಿ," ಎನ್ನುವುದನ್ನು ಮಾತ್ರ ಬಿಡಲಿಲ್ಲ.

"ಇದೆಲ್ಲಾ ಯಾರು ಮಾಡಿದ್ರು?" ಎಂದರು ಸರ್.

"ನಾವೇ ಮಾಡೇವ್ರಿ."

"ಸುಶೀಲಕುಮಾರ ಏನು ಮಾಡಿದ?"

"ಅವರೇನೂ ಮಾಡ್ಲಿಲ್ರಿ," ಎಂದ ಪಂಢರಿ. "ಸುಮ್ಮ ಕುಂತಿದ್ರು. ನಡುವ ಎದ್ದು ಮೂರು ಸಲ ನಮ್ಮ ಎಮ್ಮಿ ನೋಡ್ಲಾಕ ಹೋಗಿದ್ರು ನೋಡ್ರಿ, ಅಷ್ಟೇ."

ಸರ್ ಮುಖ ಅರಳಿತು. ಸುಶೀಲಕುಮಾರನ ಕೈ ಹಿಡಿದು ಕುಲುಕಿದರು. "ಶಾಬಾಸ್. ಏನೂ ಮಾಡಿಲ್ಲ ನೀ. ಇಷ್ಟು ಬರೋಬರ್ ಏನೂ ಮಾಡದವರನ್ನ ನಾ ನೋಡೇ ಇಲ್ಲ. ಖರೆ, ಈ ಬಾಜೂ ಮನಿ ಕೇಳೂ ಯುಕ್ತಿ ಯಾರದು? ನಮ್ಮ ತರಬೇತ್ಯಾಗ ಇದಿಲ್ಲ."

ಸುಶೀಲಕುಮಾರ ಸಭ್ಯ ಮನುಷ್ಯ ಎಂದು ಆಗಲೇ ಹೇಳಿದೆ. "ಜಿಜಾಬಾಯಿಯವರದ್ರಿ ಸರ್," ಎಂದ.

ಸರ್ ಜಿಜಾಬಾಯಿಯ ಕಡೆ ತಿರುಗಿದರು. ಆಮೇಲೆ ಬಹಳ ಹೊತ್ತು ಸುಶೀಲಕುಮಾರನ ಕಡೆ ತಿರುಗಲೇ ಇಲ್ಲ.

"ಬಾಯಿ, ಹಲಬರ್ಗಾದಾಗ ನಮ್ಮವರು ಯಾರು ಹೋದರೂ ಮಂದಿ ಬಾಯಿ ಬಿಡ್ಲತಿಲ್ಲ. ನೀವು ಹೋಗ್ತೀರೇನು? ಪಗಾರ ಕೊಡ್ತೇವಿ."

"ಹಲಬರ್ಗಾ ಏನ್ರಿ? ನನ್ನ ಮಗಳ್ನ ಅಲ್ಲೇ ಕೊಟ್ಟೀನಿ," ಎಂದಳು ಜಿಜಾಬಾಯಿ. "ಅಲ್ಲಿ ಯಾರ ಮನ್ಯಾಗ ಏನದ ನನಗ ಈಗೇ ಅರ್ಧ ಗೊತ್ತು."

"ಸರ್, ಹಲಬರ್ಗಾ..." ಎಂದ ಸುಶೀಲಕುಮಾರ.

"ನೀನೇ ವಿಚಾರ ಮಾಡು," ಎಂದರು ಸರ್, ಅವನ ಹೆಗಲ ಮೇಲೆ ಕೈಯಿಟ್ಟು. "ಮಂದ್ಯಾಗಿನ ಬಲ ಗುರುತಿಸ್ರಿ, ಅದನ್ನೇ ಬಳಸ್ರಿ ಅಂತ ಊರೆಲ್ಲಾ ಹೇಳವರು ನಾವು. ಇಂಥಾ ಬಲ ಕಣ್ಣ ಮುಂದ ನಿಂತಾಗ ಅಲ್ಲಿಗಿ ನಿನ್ನ ಕಳಿಸಿದರ ನಗಲ್ಲೇನು ಮಂದಿ? ಇದನ್ನ ಹುಡುಕಿ ಕೊಟ್ಟಾವ ನೀನೇ. ಇದು ನಿನ್ನ ಗೆಲುವು."

ಗೆದ್ದ ಸುಶೀಲಕುಮಾರ ಮತ್ತೆ ಬೇವಿನ ಬೇರಿನ ಮೇಲೆ ಹೋಗಿ ಕುಳಿತ. ಜಿಜಾಬಾಯಿ ಹೋದರೆ ಓಣಿಯ ಕೆಲಸಕ್ಕೆ ಯಾರು ಎಂಬ ಮಾತು ಎದ್ದಿತು.

"ಇವರೇ ಇರಲಿ ಬಿಡ್ರಿ ಸಾಬ್," ಎಂದ ಕರೀಮ ಸಾಬ ಅಂತಃಕರಣದಿಂದ. "ಒಳ್ಳೆ ಮನಷ್ಯಾ. ಏನೂ ಮಾಡಲ್ಲ, ಯಾರಿಗೂ ತ್ರಾಸಿಲ್ಲ."

"ಗಟಾರ ಮುಗಿದ ಮ್ಯಾಲ ರೋಡು, ಅದು ಮುಗಿದ ಮ್ಯಾಲ ಲೈಟು," ಎಂದ ಪಂಢರಿ. "ಒಂದೆರಡು ವರ್ಷ ಬೇಕ್ರಿ ಇವರು ನಮಗ. ಬರಕೋರಿ."

ಸರ್ ಬರೆದುಕೊಂಡರು.

ಜನ ಚದುರಿದ ಮೇಲೆ ಜಿಜಾಬಾಯಿ ಅವನ ಪಕ್ಕಕ್ಕೆ ಬಂದು ಕುಳಿತಳು. ಅವಳ ದನಿ ಅಂದು ಮೊದಲ ಸಲ ಬಸ್ ನಿಲ್ದಾಣದವರಿಗೆ ಕೇಳದಷ್ಟು ಸಣ್ಣದಾಗಿತ್ತು.

"ಒಂದು ಅಡಚಣಿ ಅದ ತಮ್ಮಾ. ಬೀಗರ ಮನ್ಯಾಗ ಎಷ್ಟು ದಿನ ಅಂತ ಇರೂದು? ನಾಚಿಕಿ ಬರ್ತದ. ನಿಮ್ಮ ಮನಿ ಭಾಲ್ಕ್ಯಾಗೇ ಅದಲ? ಅಲ್ಲಿಂದ ಹಲಬರ್ಗಾಕ್ಕ ದಿನಾ ಬಸ್ ಅವ."

ಅವನು ಅವಳ ಮುಖ ನೋಡಿದ. ಬೇಡವೆನ್ನಲು ಬರುವ ಮನುಷ್ಯನಾಗಿದ್ದರೆ ಅವನಿಗೆ ಈ ಕೆಲಸವೇ ಸಿಗುತ್ತಿರಲಿಲ್ಲ. ಎದ್ದು ಹೋಗಿ ಭಾಲ್ಕಿಗೆ ಫೋನು ಹಚ್ಚಿದ.

"ಏನಾಯ್ತ್ರಿ?" ಎಂದಳು ಕರುಣಾ. "ಸೋಮವಾರದಿಂದ ಇಲ್ಲೇನು?"

"ನಾ ಅಲ್ಲ. ಇಲ್ಲಿಂದ ಒಬ್ಬರು ಮಾವಶಿ ಬರ್ತಾರ. ನಮ್ಮ ಮನ್ಯಾಗೇ ಇರ್ತಾರ."

ಆ ಕಡೆ ಮಗು ಮುಲುಗುವುದು ಕೇಳಿಸುತ್ತಿತ್ತು.

"ಅವರಿಗಿ ಕೂಸಿನ್ನ ಹಿಡೀಲಾಕ ಬರ್ತದೇನ್ರಿ?" ಎಂದು ಕೇಳಿದಳು ಕರುಣಾ.

"ಬರ್ತದ."

"ಹಂಗಾದರ ಬರ್ಲಿ ಬಿಡ್ರಿ," ಎಂದಳು ಅವಳು, ನಿರಾಳವಾಗಿ ಉಸಿರು ಬಿಟ್ಟು.